ನಲ್ಲೋಡಿನ ಕೆಮ್ಮು

ನೊರೆ ಇಳಿಯಲಿ, ನೊರೆ ಇಳಿಯದೆ ಲ್ಯಾಕ್ಟೋಮೀಟರು ನಿಜ ಹೇಳುವುದಿಲ್ಲ, ಗಾಜಿನ ಕಡ್ಡಿ ಜಾಡಿಯೊಳಗೆ ಮೇಲೆ ಕೆಳಗೆ ತೂಗಾಡುತ್ತಿದೆ, ಇಪ್ಪತ್ತೇಳೋ ಇಪ್ಪತ್ತೆಂಟೋ, ಕಣ್ಣು ಗೆರೆಯ ಮೇಲೆ ನಿಲ್ಲುತ್ತಿಲ್ಲ, ಬೆಳಗಿನಿಂದ ಯಾವುದರ ಮೇಲೂ ನಿಲ್ಲುತ್ತಿಲ್ಲ, ಏನೇ ಗಂಗಾಲಕ್ಷ್ಮಿ, ಹಾಲು ನೋಡ್ತಿದೀಯೋ ಅದ್ರಲ್ಲಿ ನಿನ್ ಮುಖ ನೋಡ್ಕೊಂತಿದೀಯೋ — ಇದು ಶ್ಯಾಮಲಮ್ಮ, ಸಾಲಿನ ಮುಂದೆ ನಿಂತವಳು, ಅವಳ ಹಾಲಿಗೆ ದಿನವೂ ಒಂದು ಚೊಂಬು ನೀರು ಬಿದ್ದಿರುತ್ತದೆ ಎಂದು ನನಗೆ ಗೊತ್ತು, ನನಗೆ ಗೊತ್ತೆಂದು ಅವಳಿಗೂ ಗೊತ್ತು, ಕೇಳಿದರೆ ನಮ್ ಹಸೂಗೆ ಬಾಯಾರಿಕೆ ಜಾಸ್ತಿ ಕಣೇ, ಕುಡಿದ ನೀರು ಎಲ್ ಹೋಗ್ಬೇಕು ಹೇಳು ಎನ್ನುತ್ತಾಳೆ, ಸಾಲು ನಗುತ್ತದೆ, ಇವತ್ತೂ ಅದನ್ನೇ ಅಂದಳು, ಯಾರೂ ನಗಲಿಲ್ಲ. ಹೊರಗೆ ನಾಯಿಗಳಿಲ್ಲ. ಈ ಮಹಿಳಾ ಡೈರಿ ಶುರುವಾಗಿ ಏಳು ವರ್ಷ, ನಾನು ಟೆಸ್ಟರ್ ಆಗಿಯೂ ಏಳು ವರ್ಷ, ಬೆಳಗಿನ ಆರು ಗಂಟೆಗೆ ಬಾಗಿಲ ಹೊರಗೆ ನಾಯಿಗಳಿಲ್ಲದ್ದು ಇದೇ ಮೊದಲು, ಹಾಲು ಹಾಕಲು ಬರುವ ಹೆಂಗಸಿನ ಹಿಂದೆ ಅವಳ ಮನೆಯ ನಾಯಿ ಬರುವುದು ನಮ್ಮೂರ ರೂಢಿ, ಅವಕ್ಕೂ ಪಾಲುಂಟು, ಸೋಸಿದ ಬಟ್ಟೆ ಹಿಂಡಿದ್ದು, ಜಾಡಿ ತೊಳೆದದ್ದು, ಅಳತೆ ಪಾತ್ರೆಯ ತಳದಲ್ಲಿ ಉಳಿದದ್ದು, ಎಲ್ಲವನ್ನೂ ಒಂದು ಅಲ್ಯೂಮಿನಿಯಂ ಬೇಸಿನ್ನಿಗೆ ಸುರಿದು ಕ್ಯಾನು ತೊಳೆಯುವ ಕಟ್ಟೆಯ ಮೇಲಿಡುವುದು, ನಾನೇ ಶುರು ಮಾಡಿದ ಪದ್ಧತಿ, ಹನ್ನೆರಡು ಮೂತಿ ಒಂದೇ ಬೇಸಿನ್ನಿನಲ್ಲಿ, ಜಗಳವಿಲ್ಲ ತಂಟೆಯಿಲ್ಲ, ಮಾಲೂರಿನಿಂದ ವ್ಯಾನು ತರುವ ಶ್ರೀರಾಮಪ್ಪ ನೋಡಿ ನೋಡಿ ಹೇಳುತ್ತಿದ್ದ, ನಿಮ್ಮೂರ್ ಜನ ಒಂದೇ ಪಂಕ್ತೀಲಿ ಕೂತು ಉಂಡಿದ್ದನ್ನ ನಾನ್ ಕಾಣೆ, ನಾಯಿಗಳ್ನ ನೋಡಿ ಕಲೀರಮ್ಮ. ಇವತ್ತು ಎಲ್ಲರೂ ತಮ್ಮ ನಾಯಿಗಳನ್ನು ಮನೆಯಲ್ಲಿ ಕೂಡಿ ಹಾಕಿ ಬಂದಿದ್ದಾರೆ. ನಿನ್ನೆ ಇದೇ ಕಟ್ಟೆಯ ಹಿಂದೆ ಮುನಿಯಲ್ಲಮ್ಮನ ನಾಯಿ ನಲ್ಲೋಡನ್ನು ಹೊಡೆದು ಸಾಯಿಸಿದರು, ಹುಚ್ಚು ಹಿಡಿದಿದೆ ಎಂದು. ಮುನಿಯಲ್ಲಮ್ಮ ಸಾಲಿನಲ್ಲಿ ಆರನೆಯವಳು, ಬಲಗೈಯ ಬೆರಳುಗಳಿಗೆ ಬಿಳಿ ಬಟ್ಟೆ, ಎಡಗೈಯಲ್ಲಿ ಹಾಲಿನ ಸ್ಟೀಲ್ ಕ್ಯಾರಿಯರ್, ಅವಳು ನನ್ನ ಮುಂದೆ ಬರುವುದರೊಳಗೆ ನಾನು ಒಂದು ಮಾತು ಹೇಳುವುದೋ ಬೇಡವೋ ತೀರ್ಮಾನ ಮಾಡಬೇಕು, ಐದು ಜನರ ಹಾಲು, ಐದು ಸಲ ನೊರೆ ಇಳಿಯುವಷ್ಟು ಹೊತ್ತು.

ನಲ್ಲೋಡಿಗೆ ಹುಚ್ಚಿರಲಿಲ್ಲ. ಇರಲಿಲ್ಲವೆಂದು ನನಗೆ ಗೊತ್ತಿದೆಯೇ, ಗೊತ್ತಿದೆ, ಗೊತ್ತಿರುವಷ್ಟು ಗೊತ್ತಿದೆ, ಏಕೆಂದರೆ ಆ ಕೆಮ್ಮು ನಮ್ಮ ಮನೆಯದು. ನಮ್ಮ ನಾಯಿ ರೋಸಿಯದು. ಅಕ್ಕನ ಮಗಳ ಮದುವೆಗೆಂದು ನಾನು ಮಾಲೂರಿನಲ್ಲಿ ನಾಲ್ಕು ದಿನ ಇದ್ದೆ, ರೋಸಿಯನ್ನು ಬಿಟ್ಟು ಹೋದರೆ ಅನ್ನ ಮುಟ್ಟುವುದಿಲ್ಲ ಎಂದು ಬಸ್ಸಿನಲ್ಲಿ ಮಡಿಲ ಮೇಲೆ ಕೂರಿಸಿಕೊಂಡು ಹೋದೆ, ಬಿಳೀ ಪಮೇರಿಯನ್ ಜಾತಿ, ಕಂಡಕ್ಟರು ಇದ್ಕೆ ಫುಲ್ ಟಿಕೆಟ್ ಕೊಡ್ಲಾ ಇಲ್ಲ ಹಾಫ್ ಟಿಕೆಟ್ಟಾ ಎಂದು ಎಲ್ಲರನ್ನೂ ನಗಿಸಿದ್ದ, ಅಕ್ಕನ ಬೀದಿಯಲ್ಲಿ ನಾಲ್ಕೈದು ಸಾಕುನಾಯಿಗಳು, ಒಂದು ಸದಾ ಕೆಮ್ಮುತ್ತಿತ್ತು, ಇಟ್ಟಿಗೆ ಗೂಡಿನ ಹೊಗೆ ಕಣೇ, ನಮ್ಗೂ ಕೆಮ್ಮು ಅಂದಳು ಅಕ್ಕ, ನಾನೂ ಸರಿ ಅಂದೆ. ಊರಿಗೆ ಬಂದ ಮೂರನೇ ದಿನ ರೋಸಿ ಗಂಟಲಲ್ಲಿ ಏನೋ ಸಿಕ್ಕಿದಂತೆ ಕತ್ತು ಚಾಚಿ ಕೆಮ್ಮಿತು, ಒಣ ಕೆಮ್ಮು, ಕೊನೆಗೆ ಬಿಳಿಯ ನೊರೆ ಕಕ್ಕಿತು, ಮೂಗು ಸೋರಿತು, ಕಿವಿ ಮುಟ್ಟಿದರೆ ಕಾದ ಹೆಂಚು. ನೊರೆ ಕಂಡು ಹುಚ್ಚೇ ಎಂದುಕೊಂಡೆ, ಯಾರಿಗೂ ಹೇಳದೆ ಟವೆಲ್ಲಿನಲ್ಲಿ ಸುತ್ತಿ ಮತ್ತೆ ಮಾಲೂರಿನ ದನದ ಆಸ್ಪತ್ರೆಗೆ ಹೋದೆ, ಅಲ್ಲಿ ಮೃದುಲಾ ಡಾಕ್ಟರು, ಚಿಕ್ಕ ವಯಸ್ಸು, ಮೇಜಿನ ಮೇಲೆ ರೋಸಿಯನ್ನು ಮಗುವಿನಂತೆ ಹಿಡಿದು ಬಾಯಿ ನೋಡಿದರು, ಎದೆಗೆ ಕೊಳವೆ ಇಟ್ಟರು, ಹುಚ್ಚಲ್ಲಮ್ಮ, ಹೆದರ್ಬೇಡಿ, ಇದಕ್ಕೆ ಹುಚ್ಚಿನ ಇಂಜೆಕ್ಷನ್ ಹೋದ ವರ್ಷ ಹಾಕಿಸಿದೀರಲ್ಲ, ಇದು ಅಂಟುಕೆಮ್ಮು, ನಮಗೆ ಫ್ಲೂ ಬರಲ್ವಾ ಹಾಗೆ ಅನ್ಕೊಳ್ಳಿ, ನಾಯಿಯಿಂದ ನಾಯಿಗೆ ಬಹಳ ಬೇಗ ಹರಡುತ್ತೆ, ಸಾಮಾನ್ಯವಾಗಿ ಎರಡು ಮೂರು ವಾರಕ್ಕೆ ತಾನೇ ಇಳಿಯುತ್ತೆ, ನೀರು ಚೆನ್ನಾಗಿ ಕುಡಿಸಿ, ಓಡಾಡಿಸ್ಬೇಡಿ, ನಿಮ್ಮ ಮನೇಲಿರೋ ಜ್ವರದ ಮಾತ್ರೆ ಮಾತ್ರ ಕೊಡ್ಬೇಡಿ, ಅದು ನಾಯಿಗೆ ವಿಷ, ಉಸಿರು ಜೋರಾದ್ರೆ, ತಿನ್ನೋದು ಪೂರ್ತಿ ಬಿಟ್ರೆ ಆ ದಿನವೇ ಕರ್ಕೊಂಬನ್ನಿ. ನಾನು ಕೈಮುಗಿದೆ. ಅವರು ಮುಗಿಸಿರಲಿಲ್ಲ. ಮೂರು ವಾರ ಬೇರೆ ನಾಯಿ ಹತ್ರ ಬಿಡ್ಬೇಡಿ, ಗುಣ ಆದ ಹಾಗೆ ಕಂಡ್ರೂ ಬಿಡ್ಬೇಡಿ, ಅದರ ತಟ್ಟೆ ಬೇರೆ, ಬಟ್ಟೆ ಬೇರೆ, ಸೋಪು ಹಾಕಿ ತೊಳೀರಿ, ಅದನ್ನ ಮುಟ್ಟಿದ ಕೈಯಲ್ಲಿ, ಅದೇ ಸೀರೇಲಿ ಇನ್ನೊಂದು ನಾಯಿ ಮುಟ್ಬೇಡಿ, ಇದರ ಜೊತೆ ಸೇರಿದ ನಾಯಿಗಳ ಮನೆಯವರಿಗೆ ಹೇಳಿಬಿಡಿ, ಹೇಳೋದೇ ಅರ್ಧ ಔಷಧಿ ಕಣಮ್ಮ. ಇದನ್ನೆಲ್ಲ ಒಂದು ಚೀಟಿಯಲ್ಲೂ ಬರೆದು ಕೊಟ್ಟರು. ಚೀಟಿ ದೇವರ ಗೂಡಿನಲ್ಲಿ, ಕುಂಕುಮದ ಭರಣಿಯ ಕೆಳಗೆ, ಹನ್ನೆರಡು ದಿನಗಳಿಂದ.

ಹೇಳುತ್ತಿದ್ದೆ, ಬಸ್ಸಿಳಿಯುವವರೆಗೂ ಹೇಳಬೇಕೆಂದೇ ಇದ್ದೆ, ಮಾಸ್ತಿಯಲ್ಲಿ ಬಸ್ಸಿಳಿದು ಊರ ದಾರಿ ಹಿಡಿದರೆ ಎದುರಿಗೆ ಗಂಗುಲಪ್ಪ, ಸೈಕಲ್ಲಿನ ಮೇಲೆ ಹಿಂಡಿ ಮೂಟೆ, ಏನಮ್ಮ ಟವೆಲ್ನಲ್ಲಿ, ಮಗೂನಾ ಎಂದ, ನಕ್ಕ, ಅವನು ನಕ್ಕದ್ದು ಎರಡು ವರ್ಷದಲ್ಲಿ ಅಂದೇ ಕಂಡದ್ದು, ನಾನು ಹೂಂ ಅಂದೆ, ರೋಸಿ ಕೆಮ್ಮದಿರಲೆಂದು ಟವೆಲ್ಲಿನ ಮೇಲಿಂದ ಅದರ ಮೂತಿ ಅಮುಕಿ ಹಿಡಿದೆ. ಗಂಗುಲಪ್ಪನ ಮಗಳು ಆದಿಲಕ್ಷ್ಮಿ, ಏಳು ವರ್ಷ, ತೊಂಬತ್ತಾರನೇ ಇಸವಿಯಲ್ಲಿ ಹೋಯಿತು, ಹಾದಿಯ ನಾಯಿ ಕಾಲಿಗೆ ಕಚ್ಚಿದ್ದನ್ನು ಅಪ್ಪ ಬಯ್ಯುತ್ತಾನೆಂದು ಲಂಗದಲ್ಲಿ ಮುಚ್ಚಿಟ್ಟುಕೊಂಡಿತ್ತು, ಎರಡು ತಿಂಗಳ ಮೇಲೆ ನೀರಿನ ಲೋಟ ಕಂಡು ಕಿರುಚಿತು, ಆಮೇಲೆ ನಾಲ್ಕು ದಿನ, ಆ ನಾಲ್ಕು ದಿನ ಇಡೀ ಊರು ಆ ಕೂಗು ಕೇಳಿದೆ, ಅವತ್ತಿನಿಂದ ಅವನ ಹೆಂಡತಿ ಹೊಸಿಲು ದಾಟಿಲ್ಲ, ಹೆಂಗಸರ ಡೈರಿಗೆ ಹಾಲು ತರುವ ಗಂಡಸು ಅವನೊಬ್ಬನೇ, ಅವತ್ತಿನಿಂದಲೇ ಊರಿನಲ್ಲಿ ಯಾವ ನಾಯಿಯ ಬಾಯಲ್ಲಿ ನೊರೆ ಕಂಡರೂ ಗಂಗುಲಪ್ಪನಿಗೆ ಹೇಳಿಕಳಿಸುತ್ತಾರೆ, ಅವನು ಕೋಲು ತರುತ್ತಾನೆ, ಯಾರೂ ಬೇಡವೆನ್ನುವುದಿಲ್ಲ, ಬೇಡವೆನ್ನಲು ಯಾರಿಗೆ ಬಾಯಿದೆ. ಇಂಥ ಊರಿನಲ್ಲಿ ನನ್ನ ರೋಸಿ ನೊರೆ ಕಕ್ಕುತ್ತಿದೆ, ಆದರೆ ಹುಚ್ಚಲ್ಲ, ಡಾಕ್ಟರು ಹೇಳಿದ್ದಾರೆ ಎಂದರೆ ಯಾರು ನಂಬುತ್ತಾರೆ, ಆದಿಲಕ್ಷ್ಮಿಗೂ ಮೊದಲು ಬರೀ ಜ್ವರ ಎಂದಿದ್ದರಂತೆ ಡಾಕ್ಟರು. ಆದ್ದರಿಂದ ಮುಚ್ಚಿಟ್ಟೆ. ಹುಲ್ಲಿನ ಕೋಣೆಯಲ್ಲಿ ಕಟ್ಟಿದೆ, ಕೆಮ್ಮು ಕೇಳದಿರಲೆಂದು ರೇಡಿಯೋ ಹಾಕಿದೆ, ಯಾವ ನಾಯಿಯ ಹತ್ತಿರವೂ ಬಿಡಲಿಲ್ಲ, ಅಷ್ಟು ಮಟ್ಟಿಗೆ ಡಾಕ್ಟರ ಮಾತು ನಡೆಸಿದೆನೆಂದು ಹೆಮ್ಮೆ ಬೇರೆ, ಥೂ. ರೋಸಿ ಡೈರಿಗೆ ಬರುವಂತಿಲ್ಲ, ಪಾಪ, ಅವಳ ಪಾಲಿನ ಹಾಲು ಅವಳಿಗೆ ತಪ್ಪಬಾರದು, ಅದಕ್ಕೇ ಬೆಳಗಿನ ನಾಯಿಗಳು ಕುಡಿದಾದ ಮೇಲೆ ಬೇಸಿನ್ನಿಗೆ ಒಂದಿಷ್ಟು ಹಾಲುನೀರು ಹಾಕಿಕೊಂಡು ಸೊಂಟದ ಮೇಲಿಟ್ಟು ಮನೆಗೆ ಒಯ್ದೆ, ರೋಸಿ ಅರ್ಧ ಕುಡಿದು ಅರ್ಧ ಬಿಟ್ಟಳು, ಬಿಟ್ಟದ್ದನ್ನು ಚೆಲ್ಲಲು ಮನಸ್ಸು ಬರಲಿಲ್ಲ, ಹಾಲು ಚೆಲ್ಲಬಾರದು ಎಂದು ನಮ್ಮ ಅತ್ತೆ ಹೇಳುತ್ತಿದ್ದರು, ಸಂಜೆ ಅದರ ಮೇಲೇ ಹೊಸದನ್ನು ಸುರಿದು ಕಟ್ಟೆಯ ಮೇಲಿಟ್ಟೆ. ಒಂದು ದಿನವಲ್ಲ, ಐದು ದಿನ. ನಾಯಿಯನ್ನು ಕಟ್ಟಿಹಾಕಿದರೆ ರೋಗವನ್ನು ಕಟ್ಟಿಹಾಕಿದಂತೆ ಎಂದುಕೊಂಡಿದ್ದೆ, ಅದು ನಾಲ್ಕು ಕಾಲಿನಲ್ಲಿ ನಡೆದು ಬರುತ್ತದೆಂದು ನಾನು ಬಾಗಿಲು ಕಾಯುತ್ತಿದ್ದರೆ ಅದು ನನ್ನ ಸೊಂಟದ ಮೇಲೆ ಕೂತು ಡೈರಿಗೆ ಹೋಗಿ ಬಂತು.

ಮುಂದೆ ಬನ್ನಿ, ಯಾರು, ಇಪ್ಪತ್ತೆಂಟು, ಸರಿ, ಸುರೀರಿ. ಇನ್ನು ಮೂರು ಜನ. ಮುನಿಯಲ್ಲಮ್ಮನ ಹಿಂದೆ ಈಗ ಗಂಗುಲಪ್ಪ ಬಂದು ನಿಂತಿದ್ದಾನೆ, ಕೋಲನ್ನು ಬಾಗಿಲ ಹೊರಗೆ ಗೋಡೆಗೆ ಒರಗಿಸಿದ್ದಾನೆ, ಅದನ್ನು ಒಳಗೆ ತರಬಾರದೆಂಬ ಮರ್ಯಾದೆ ಅವನಿಗಿದೆ. ಮುನಿಯಲ್ಲಮ್ಮನಿಗೆ ಯಾರೂ ಇಲ್ಲ ಎಂದರೆ ಅವಳಿಗೆ ಸಿಟ್ಟು ಬರುತ್ತಿತ್ತು, ಯಾಕಿಲ್ಲ, ನಲ್ಲೋಡಿಲ್ವಾ, ಕಪ್ಪಗಿದ್ದಾನೆ ಅಂತ ತೆಲುಗಲ್ಲಿ ನಲ್ಲೋಡು ಅಂದ್ರೆ ಅದೇ ಹೆಸರಾಗೋಯ್ತು, ನಾ ಬಿಡ್ಡ ಅವ್ನು, ನನ್ ಮಗು, ಹೆತ್ತಿಲ್ಲ ಅಷ್ಟೇ. ಒಂದು ಎಮ್ಮೆ, ಒಂದು ನಾಯಿ, ಮುದುಕಿ. ಮೊನ್ನೆ ಸಂಜೆ ಇದೇ ಜಾಗದಲ್ಲಿ ನಿಂತು ಕೇಳಿದಳು, ಏಮಮ್ಮ ಗಂಗಾ, ನೀನು ನಾಯಿ ಸಾಕಿದೋಳು, ಓದ್ಕೊಂಡೋಳು, ನಲ್ಲೋಡು ಎರಡು ದಿನದಿಂದ ಕತ್ತು ಚಾಚಿ ಚಾಚಿ ಕೆಮ್ತಾನೆ, ಮುದ್ದೆ ಮುಟ್ಟಲ್ಲ, ಏನಾಗಿರ್ಬೌದು. ಆ ಗಳಿಗೆ. ನಾಲಿಗೆಯ ತುದಿಯಲ್ಲಿತ್ತು, ಅಜ್ಜಿ ಅದು ಅಂಟುಕೆಮ್ಮು, ನಮ್ಮ ರೋಸಿಗೂ ಬಂದಿತ್ತು, ಕಟ್ಟಿಹಾಕು, ನೀರು ಕುಡಿಸು, ನಾಳೆ ಇಬ್ಬರೂ ಮಾಲೂರಿಗೆ ಹೋಗೋಣ, ಎಷ್ಟು ಸಣ್ಣ ಮಾತು, ಒಂದು ಉಸಿರಿನಲ್ಲಿ ಮುಗಿಯುತ್ತಿತ್ತು, ಆದರೆ ಅವಳ ಹಿಂದೆ ಗಂಗುಲಪ್ಪ ನಿಂತಿದ್ದ, ಇವತ್ತಿನಂತೆಯೇ, ನನ್ನ ಬಾಯಿಂದ ಬೇರೆ ಮಾತು ಬಂತು — ಗಂಟಲಲ್ಲಿ ಮೂಳೆ ಸಿಕ್ಕಿರ್ಬೇಕು ಅಜ್ಜಿ, ಬಾಯಿ ಬಿಡಿಸಿ ನೋಡಿ. ಔನೇನಮ್ಮ, ಮೂಳೆನೇ ಇರ್ಬೇಕು, ಭಾನುವಾರ ಶ್ಯಾಮಲಮ್ಮನ ಮನೆ ಹಿತ್ಲಲ್ಲಿ ಏನೋ ಕಡೀತಿದ್ದ ಎಂದು ಮುದುಕಿ ಎಷ್ಟು ಖುಷಿಯಾಗಿ ಹೋದಳು. ನಿನ್ನೆ ಬೆಳಿಗ್ಗೆ ನಲ್ಲೋಡು ಅವಳ ಹಿಂದೆ ಡೈರಿಗೆ ಬಂದು, ಬೇಸಿನ್ನಿಗೆ ಬಾಯಿ ಹಾಕಿ, ಕೆಮ್ಮಿ, ಕಟ್ಟೆಯ ಮೇಲೆಲ್ಲ ನೊರೆ ಕಕ್ಕಿ, ಕಾಲು ತಡವರಿಸಿ ಕೂತಿತು, ಯಾರೋ ಹುಚ್ಚು ಹುಚ್ಚು ಅಂದರು, ಮುದುಕಿಯ ಬೆರಳಲ್ಲಿ ಹಲ್ಲಿನ ಗೀರು ಕಂಡರು, ಕಚ್ಚಿದೆ ಅಂದರು, ಕಚ್ಚಿಲ್ಲ ಕಣ್ರಯ್ಯ, ಕಚ್ಚಿಲ್ಲ, ಅವಳು ಅನ್ನುತ್ತಲೇ ಇದ್ದಳು, ಗಂಗುಲಪ್ಪ ಅಳುತ್ತಿದ್ದ, ಯಾರಾದರೂ ನಂಬುತ್ತಾರೋ ಇಲ್ಲವೋ, ಕಣ್ಣಲ್ಲಿ ನೀರು ಸುರಿಯುತ್ತಿರುವಾಗಲೇ ಹೊಡೆದ, ಇನ್ನಿಬ್ಬರು ಸೇರಿದರು, ನಾನು ಒಳಗಿದ್ದೆ, ಜಾಡಿ ಹಿಡಿದುಕೊಂಡು, ಕಿಟಕಿ ತೆರೆದಿತ್ತು, ನಾನು ಲ್ಯಾಕ್ಟೋಮೀಟರು ನೋಡಿದೆ, ಇಪ್ಪತ್ತೊಂಬತ್ತು, ನಿನ್ನೆಯ ಅಂಕಿ ಚೆನ್ನಾಗಿ ನೆನಪಿದೆ.

ತೋರ್ಸಜ್ಜಿ, ಎಲ್ಲಿ ಚುಚ್ಚಿದ್ರು, ಸಾಲಿನಲ್ಲಿ ಯಾರೋ ಕೇಳುತ್ತಿದ್ದಾರೆ, ಮುನಿಯಲ್ಲಮ್ಮ ಸೆರಗು ಸರಿಸಿ ಹೊಕ್ಕುಳ ಪಕ್ಕ ತೋರಿಸುತ್ತಿದ್ದಾಳೆ, ನಿಂಬೆಹಣ್ಣಿನಷ್ಟು ಊದಿದೆ, ಮಾಸ್ತಿ ಆಸ್ಪತ್ರೆಯಲ್ಲಿ ನಿನ್ನೆ ಮೊದಲನೆಯದು, ಇನ್ನು ಹದಿಮೂರು, ದಿನಕ್ಕೊಂದು, ಜಾಗ ಎಲ್ಲೈತೆ ನನ್ ಹೊಟ್ಟೇಲಿ ಅಂತ ಡಾಕ್ಟರ್‌ನ ಕೇಳ್ದೆ, ನೀವೇ ಹುಡುಕ್ಕೊಳ್ಳಿ ಅಂದೆ, ನಕ್ಕ ಆವಯ್ಯ. ಆ ಡಾಕ್ಟರು ಇನ್ನೊಂದು ಮಾತೂ ಹೇಳಿದರಂತೆ, ನಾಯಿ ಬದುಕಿದ್ದಿದ್ರೆ ಹತ್ತು ದಿನ ಕಟ್ಟಿ ಹಾಕಿ ನೋಡ್ಬೌದಿತ್ತಜ್ಜಿ, ಚೆನ್ನಾಗೇ ಇದ್ರೆ ಇಂಜೆಕ್ಷನ್ ಅರ್ಧದಲ್ಲೇ ನಿಲ್ಲಿಸ್ಬೌದಿತ್ತು, ಈಗ ನಾಯೀನೇ ಇಲ್ಲ, ಪೂರ್ತಿ ಹಾಕಿಸ್ಕೊಳ್ಳೇಬೇಕು. ಪೂರ್ತಿ. ಬೇಡ ಎನ್ನಲು ನಾನು ಯಾರು, ನನಗೇನು ಗೊತ್ತು, ಹನ್ನೆರಡು ದಿನ ಅಷ್ಟು ಗೊತ್ತಿದ್ದವಳಂತೆ ಸುಮ್ಮನಿದ್ದೆ, ಈಗ ನೂರಕ್ಕೆ ಒಂದರಷ್ಟು ಹುಚ್ಚೇ ಇದ್ದಿದ್ದರೆ, ಸೂಜಿ ಬೇಡವೆಂದು ನಾನು ಹೇಳಿ ಆ ಮುದುಕಿ ನೀರು ಕಂಡು ಕಿರುಚಿದರೆ, ಇಲ್ಲ, ಅದನ್ನಂತೂ ಹೇಳುವಂತಿಲ್ಲ, ಹಾಗಾದರೆ ಹೇಳಿ ಏನುಪಯೋಗ, ಸತ್ತದ್ದು ಸತ್ತಿತು, ಸೂಜಿ ತಪ್ಪುವುದಿಲ್ಲ, ಸುಮ್ಮನಿದ್ದುಬಿಡು ಗಂಗಾಲಕ್ಷ್ಮಿ, ಮುಂದೆ ಬನ್ನಿ, ಸುರೀರಿ, ಇನ್ನೊಬ್ಬರೇ. ಹಿಂದಿನಿಂದ ಗಂಗುಲಪ್ಪನ ದನಿ, ಜೋರಾಗಿಲ್ಲ, ಎಲ್ಲರಿಗೂ ಕೇಳುವಷ್ಟು, ಹಾಲಾದ್ಮೇಲೆ ಒಂದೊಂದ್ ಮನೆಗೂ ಬರ್ತೀವಮ್ಮ, ಕೆಮ್ಮೋ ನಾಯಿ ಎಲ್ಲೆಲ್ಲವೆ ನೀವೇ ಹೇಳ್ಬಿಡಿ, ಮುಚ್ಚಿಡ್ಬೇಡಿ, ಮುಚ್ಚಿಟ್ಟಿದ್ದಕ್ಕೇ ನಮ್ ಮಗು ಹೋಯ್ತು. ಶ್ಯಾಮಲಮ್ಮ ಖಾಲಿ ಪಾತ್ರೆ ಎದೆಗೆ ಒತ್ತಿಕೊಂಡು ಬಾಗಿಲಲ್ಲೇ ನಿಂತಿದ್ದಾಳೆ, ಹೋಗಿಲ್ಲ, ಅವಳ ಕೆಂದನಾಯಿ ನಿನ್ನೆಯಿಂದ ಕೆಮ್ಮುತ್ತಿದೆ, ಅವಳ ಮುಖ ನೋಡಿದರೆ ಗೊತ್ತಾಗುತ್ತದೆ, ಇನ್ನೂ ನಾಲ್ಕು ಮುಖ ಹಾಗೇ ಇವೆ, ನೀರು ಬೆರೆಸಿದ ಹಾಲು ತಂದಾಗಲೂ ಇವರು ಯಾರೂ ಹೀಗೆ ನೆಲ ನೋಡಿದ್ದಿಲ್ಲ, ಇವತ್ತು ಮಧ್ಯಾಹ್ನದೊಳಗೆ ಈ ಐದು ಸಾಯುತ್ತವೆ, ಕೆಮ್ಮು ಶುರುವಾದಂತೆ ಉಳಿದವೂ, ಹನ್ನೊಂದು ನಾಯಿಗಳು ಒಂದೇ ಪಂಕ್ತಿಯಲ್ಲಿ, ನಾನು ಬಡಿಸಿದ ಬೇಸಿನ್ನು.

ಮುನಿಯಲ್ಲಮ್ಮ ಎದುರಿಗೆ ಬಂದಳು, ಎಡಗೈಯಿಂದ ಹಾಲು ಸುರಿದಳು, ಒಂದಿಷ್ಟು ಹೊರಗೆ ಚೆಲ್ಲಿತು, ಈ ಕೈ ಅಭ್ಯಾಸ ಇಲ್ಲಮ್ಮ ಅಂದಳು, ನಾನು ಜಾಡಿ ಕೆಳಗಿಟ್ಟೆ. ಅಜ್ಜಿ, ನಲ್ಲೋಡಿಗೆ ಬಂದಿದ್ದು ನಮ್ ರೋಸಿ ಕೆಮ್ಮು. ಮಾಲೂರಿಂದ ತಂದೆ, ಡಾಕ್ಟರು ಅಂಟುಕೆಮ್ಮು ಅಂದಿದ್ರು, ಎಲ್ರಿಗೂ ಹೇಳು ಅಂದಿದ್ರು, ಬರೆದೂ ಕೊಟ್ಟಿದ್ರು, ನಾನ್ ಹೇಳ್ಲಿಲ್ಲ, ಬೇಸಿನ್ನು ಮನೆಗೊಯ್ದು ತಂದೋಳೂ ನಾನೇ, ಮೂಳೆ ಅಂದಿದ್ದು ಸುಳ್ಳು. ಗಂಗುಲಪ್ಪ ಮುಂದೆ ಬಂದ, ರೋಸಿ ಎಲ್ಲವ್ಳೆ ಎಂದ, ಹುಲ್ಲಿನ ಕೋಣೇಲಿ ಅಂದೆ, ಇನ್ನೂ ಕೆಮ್ತಾಳಾ, ಇಲ್ಲ ಅಣ್ಣ, ನಾಲ್ಕು ದಿನದಿಂದ ಇಲ್ಲ, ಮುದ್ದೆ ತಿಂತಾಳೆ. ತಿಂತಾಳಾ, ಎಂದ. ಅದೇ ಮಾತನ್ನು ಮತ್ತೊಮ್ಮೆ ತನಗೇ ಅಂದುಕೊಂಡ, ತಿಂತಾಳಂತೆ. ತನ್ನ ಎರಡು ಅಂಗೈಗಳನ್ನು ನೋಡಿಕೊಂಡ, ಬೈಯಲಿಲ್ಲ, ಬೈದಿದ್ದರೆ ಸಾಕಿತ್ತು. ಕೆಮ್ಮೋ ನಾಯಿಗಳ್ನೆಲ್ಲ ಅವರವರ ಮನೇಲೇ ಕಟ್ಟಿ, ಯಾರೂ ಬಿಡ್ಬೇಡಿ, ಮಾಲೂರ್ ಡಾಕ್ಟರಮ್ಮನ್ನ ನಾನೇ ಹೋಗಿ ಕರ್ಕೊಂಬರ್ತೀನಿ ಎಂದು ಹಾಲು ಹಾಕದೆ ಹೊರಟ, ಕೋಲು ಗೋಡೆಗೇ ಒರಗಿದೆ, ಅವನು ಮರೆತನೋ ಬಿಟ್ಟನೋ. ಮುನಿಯಲ್ಲಮ್ಮ ಮಾತ್ರ ಅಲ್ಲೇ ನಿಂತಿದ್ದಾಳೆ. ಹಂಗಾದ್ರೆ ಸೂಜಿ ಬೇಡವಾ ನಂಗೆ, ಎಂದಳು. ಬೇಕಜ್ಜಿ, ನಿಲ್ಲಿಸ್ಬೇಡಿ, ನಾಯಿ ಇಲ್ವಲ್ಲ ನೋಡಕ್ಕೆ, ಪೂರ್ತಿ ಹಾಕಿಸ್ಕೊಳ್ಳಿ, ನಾನೂ ಜೊತೆಗೆ ಬರ್ತೀನಿ ದಿನಾ. ಅವಳು ಬಟ್ಟೆ ಸುತ್ತಿದ ಬೆರಳುಗಳನ್ನು ಎತ್ತಿ ನೋಡಿಕೊಂಡಳು, ಬೇರೆ ಯಾರ ಜೊತೆಗೋ ಮಾತಾಡುವಂತೆ ನಿಧಾನವಾಗಿ ಹೇಳಿದಳು, ನೀನ್ ಹೇಳ್ದೆ ಅಂತ ಹುಡುಕ್ದೆ ಕಣಮ್ಮ, ಮಣಿಕಟ್ಟಿನ್ ಗಂಟ ಕೈ ಇಟ್ಟೆ, ದೀಪ ಹಿಡ್ಕೊಂಡು ಹುಡುಕ್ದೆ, ಸಿಗ್ಲಿಲ್ಲ, ಮೂಳೆ ಇದ್ರಲ್ವಾ, ಅವ್ನಿಗೆ ಕೆಮ್ಮು ಬರ್ತಿತ್ತು, ನುಂಗ್ಕೊಂಡ, ಈ ಗೀರು ಕೈ ಎಳ್ಕೊಳ್ವಾಗ ನಾನೇ ಮಾಡ್ಕೊಂಡಿದ್ದು, ಅವ್ನು ನನ್ ಕೈಗೆ ಹಲ್ಲು ತಗಲ್ಬಾರ್ದು ಅಂತ ಬಾಯಿ ಬಿಟ್ಕೊಂಡೇ ನಿಂತಿದ್ದ, ನಾನ್ ಸಾಕು ಅನ್ನೋ ಗಂಟ ಬಾಯಿ ಬಿಟ್ಕೊಂಡೇ ನಿಂತಿದ್ದ.

ಅವಳು ಹೋದಳು, ಸೂಜಿಗೆಂದು, ನನ್ನನ್ನು ಕಾಯದೆ, ಎಂಟು ಗಂಟೆಯ ಬಸ್ಸಿಗೆ. ಮುಂದೆ ಬನ್ನಿ ಎಂದೆ, ಯಾರೋ ಬಂದರು, ಸುರಿದರು, ಕಡ್ಡಿ ಮೇಲೆ ಕೆಳಗೆ, ನಲ್ಲೋಡು ಬಾಯಿ ಬಿಟ್ಟುಕೊಂಡೇ ನಿಂತಿದೆ, ಯಾರದು ಹಾಲು, ಎಷ್ಟು ಲೀಟರು, ಬಾಯಿ ಬಿಟ್ಟುಕೊಂಡು, ಕೆಮ್ಮು ನುಂಗಿಕೊಂಡು, ಗಂಗಾ ಎಷ್ಟೇ ಬಂತು ಎಂದು ಕೇಳುತ್ತಿದ್ದಾರೆ, ನೊರೆ ಇಳಿದಾಗಿದೆ, ಗೆರೆ ಸ್ಪಷ್ಟವಾಗಿದೆ, ಕೆಂಪು ನಾಲಿಗೆ, ದೀಪದ ಬೆಳಕು ಒಳಗಿನವರೆಗೂ ಬಿದ್ದಿದೆ, ಏನೂ ಇಲ್ಲ ಅಲ್ಲಿ, ಮುದುಕಿಯ ಕೈ ಹುಡುಕುತ್ತಿದೆ, ಬಾಯಿ ಮುಚ್ಚುತ್ತಿಲ್ಲ, ಮುಂದೆ ಬನ್ನಿ, ಬಾಯಿ ಮುಚ್ಚುತ್ತಿಲ್ಲ